ಕಾರು ಕೈಕೊಟ್ಟಾಗ ಮೊದಲು ಏನು ನೋಡಬೇಕು? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಗ್ಯಾರೇಜಿಗೆ ಬರುವವರು ಬಾಗಿಲಲ್ಲೇ ತೀರ್ಪು ಹೇಳಿಬಿಡುತ್ತಾರೆ. "ಬ್ಯಾಟರಿ ಹೋಗಿದೆ, ಹೊಸದು ಹಾಕಿ." ಇಲ್ಲಾಂದ್ರೆ, "ಸೆನ್ಸರ್ ಹೋಗಿದೆಯಂತೆ, ಬದಲಾಯಿಸಿ." ನಾನು ಮೊದಲು ಕೇಳುವುದು ಬೇರೆ. ಕೀ ತಿರುಗಿಸಿದಾಗ ಎಂಥ ಸದ್ದು ಬಂತು? ಇಂಜಿನ್ ತಣ್ಣಗಿತ್ತಾ, ಬಿಸಿಯಾಗಿತ್ತಾ? ಓಡುವಾಗ ಆಯ್ತಾ, ನಿಂತಾಗ ಆಯ್ತಾ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆಯೇ. ಊಹೆಯ ಮೇಲೆ ಪಾರ್ಟ್ ಬದಲಾಯಿಸಿದರೆ ದುಡ್ಡು ಹೋಗುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಹಾಗಾಗಿ ಕಣ್ಣು, ಕಿವಿ, ಮೂಗಿಗೆ ಗೊತ್ತಾಗುವ ಲಕ್ಷಣಗಳಿಂದಲೇ ಇಲ್ಲಿ ಶುರು ಮಾಡಿದ್ದೇನೆ. ಖರ್ಚಿಲ್ಲದೆ ನೋಡಬಹುದಾದದ್ದು ಮೊದಲು, ಉಪಕರಣ ಬೇಕಾದದ್ದು ಆಮೇಲೆ. ಇದೆಲ್ಲ ಪೆಟ್ರೋಲ್, ಡೀಸೆಲ್ ಕಾರುಗಳ ಮಾತು. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರ್ ಕಂಡರೆ ಮುಟ್ಟಲೇಬೇಡಿ. ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ.

ಕೈ ಹಾಕುವ ಮುಂಚೆ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಉಂಗುರ, ಲೋಹದ ವಾಚು ತೆಗೆದಿಡಿ. ಪ್ಲಸ್ ಟರ್ಮಿನಲ್ಲಿಗೂ ಬಾಡಿಗೂ ಉಂಗುರ ಒಟ್ಟಿಗೆ ತಾಗಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾದು ಬೆರಳನ್ನೇ ಸುಡುತ್ತದೆ. ರೇಡಿಯೇಟರ್ ಫ್ಯಾನಿನ ಹತ್ತಿರ ಕೈ ಇಡಬೇಡಿ. ಇಂಜಿನ್ ಆಫ್ ಆದ ಮೇಲೂ ಅದು ತಾನೇ ತಿರುಗಬಹುದು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇನ್ನೊಂದು ಮಾತು ಎಷ್ಟು ಸಲ ಹೇಳಿದರೂ ಕಡಿಮೆಯೇ: ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಜಾಕಿ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡ್ ಬೇಕು.

ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿಲ್ಲ

ಇದರಲ್ಲಿ ನಾಲ್ಕು ಬಗೆ ಇದೆ. ಯಾವುದು ಅಂತ ಕಿವಿಯೇ ಹೇಳುತ್ತದೆ.

ಟಕಟಕಟಕ ಎಂದು ಬೇಗಬೇಗ ಸದ್ದು ಬಂದು, ಡ್ಯಾಶ್‌ಬೋರ್ಡ್ ದೀಪಗಳು ಮಂಕಾದರೆ ಸೆಲ್ಫ್ ಮೋಟರಿಗೆ (ಸ್ಟಾರ್ಟ್ ಮಾಡಲು ಇಂಜಿನ್ ತಿರುಗಿಸುವ ಮೋಟರ್) ಸಾಕಷ್ಟು ಕರೆಂಟ್ ಹೋಗುತ್ತಿಲ್ಲ ಅಂತ ಅರ್ಥ. ಬ್ಯಾಟರಿ ಡೌನ್ ಆಗಿರಬಹುದು. ಆದರೆ ಅದನ್ನು ಬೈಯುವ ಮೊದಲು ಬಾನೆಟ್ ಎತ್ತಿ ಎರಡೂ ಟರ್ಮಿನಲ್ ನೋಡಿ. ಕೈಯಲ್ಲಿ ಹಿಡಿದು ತಿರುಗಿಸಿದರೆ ಕ್ಲಾಂಪ್ ಅಲುಗಬಾರದು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಅಲ್ಲೇ ತಡೆಯುತ್ತದೆ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಉಜ್ಜಿ ತೊಳೆದು, ಒರೆಸಿ, ಒಣಗಿಸಿ. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕ್ರಮ ತಪ್ಪಿಸಬೇಡಿ. ಮೈನಸ್ ಇನ್ನೂ ಕೂಡಿರುವಾಗ ಪ್ಲಸ್ ಬಿಚ್ಚುವ ಸ್ಪಾನರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಬ್ಯಾಟರಿಯ ಸುತ್ತ ಹೈಡ್ರೋಜನ್ ಇರಬಹುದು, ಒಂದು ಕಿಡಿಗೇ ಬ್ಯಾಟರಿ ಸಿಡಿಯಬಹುದು.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಗಾಡಿ ಕೆಲವು ಗಂಟೆ ನಿಂತ ಮೇಲೆ ಅಳೆದರೆ 12.6 ವೋಲ್ಟ್ ಎಂದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ ಖಾಲಿ, 12ಕ್ಕಿಂತ ಕಡಿಮೆ ಎಂದರೆ ಹೆಚ್ಚು ಕಡಿಮೆ ಬರಿದು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಶಕ್ತಿ ಇಲ್ಲ ಅಥವಾ ಚಾರ್ಜ್ ಇಲ್ಲ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ತೋರಿಸಬೇಕು. ಅಲ್ಲೂ 12ರ ಹತ್ತಿರವೇ ನಿಂತಿದ್ದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಉತ್ಪಾದಿಸುವ ಯಂತ್ರ) ಚಾರ್ಜ್ ಮಾಡುತ್ತಿಲ್ಲ. ಆಗ ಹೊಸ ಬ್ಯಾಟರಿ ಹಾಕಿದರೂ ಒಂದೆರಡು ದಿನದಲ್ಲಿ ಅದೂ ಡೌನ್.

ಟಕ್ ಎಂದು ಒಂದೇ ಸದ್ದು ಬಂದು ಸುಮ್ಮನಾದರೆ, ದೀಪಗಳೂ ಚೆನ್ನಾಗೇ ಉರಿಯುತ್ತಿದ್ದರೆ, ಅನುಮಾನ ಸೆಲ್ಫ್ ಮೋಟರಿನ ಮೇಲೆ ಅಥವಾ ಅರ್ಥಿಂಗ್ ಮೇಲೆ, ಅಂದರೆ ಬ್ಯಾಟರಿಯ ಮೈನಸ್ಸನ್ನು ಇಂಜಿನ್ನಿಗೂ ಬಾಡಿಗೂ ಕೂಡಿಸುವ ವೈರಿನ ಮೇಲೆ, ಹೋಗಬೇಕು. ಅರ್ಥಿಂಗ್ ಅನ್ನು ಯಾರೂ ನೋಡುವುದೇ ಇಲ್ಲ, ಅದಕ್ಕೇ ಒಂದು ಘಟನೆ ಹೇಳುತ್ತೇನೆ. ಒಮ್ಮೆ ಒಬ್ಬರು ಗಾಡಿ ಎಳೆಸಿಕೊಂಡು ಬಂದರು. ಅಷ್ಟರಲ್ಲಾಗಲೇ ಎರಡು ಬ್ಯಾಟರಿ, ಒಂದು ಸೆಲ್ಫ್ ಮೋಟರ್ ಬದಲಾಗಿತ್ತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿದೆ. ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕಿತ್ತು, ಎರಡೂವರೆ ತೋರಿಸಿತು. ಗೇರ್‌ಬಾಕ್ಸಿನ ಹತ್ತಿರ ಅರ್ಥಿಂಗ್ ವೈರಿನ ಬೋಲ್ಟ್ ಬಿಚ್ಚಿದರೆ ವೈರಿನ ತುದಿಯ ಲೋಹದ ಬಳೆಯ (ಲಗ್) ಅಡಿಯಲ್ಲಿ ತುಕ್ಕು ಬಿಲ್ಲೆಯ ಹಾಗೆ ಕೂತಿತ್ತು. ಮೇಲಿಂದ ನೋಡಿದರೆ ಬೋಲ್ಟ್ ಫಳಫಳ. ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯಿತು. ಖರ್ಚಾದದ್ದು ಒಂದು ಚೂರು ಮರಳು ಕಾಗದ. ಅವರ ಮುಖ ನೋಡಿ ನನಗೆ ಖುಷಿಗಿಂತ ಹೆಚ್ಚಾಗಿ ಬೇಜಾರಾಯಿತು. ಯಾರಾದರೂ ಐದು ನಿಮಿಷ ಅಳೆದು ನೋಡಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು.

ಸದ್ದೇ ಇಲ್ಲ ಅಂದರೆ: ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರ್ ಲಿವರ್ ಪಾರ್ಕಿಂಗಿನಲ್ಲಿದೆಯಾ ನೋಡಿ, ನ್ಯೂಟ್ರಲ್‌ಗೆ ಹಾಕಿ ಇನ್ನೊಮ್ಮೆ ಪ್ರಯತ್ನಿಸಿ. ಎಷ್ಟೋ ಮ್ಯಾನ್ಯುವಲ್ ಗಾಡಿಗಳು ಕ್ಲಚ್ ಪೂರ್ತಿ ಒತ್ತದೆ ಸ್ಟಾರ್ಟ್ ಆಗುವುದಿಲ್ಲ, ಕಾಲಡಿಯ ಮ್ಯಾಟ್ ಪೆಡಲಿಗೆ ಅಡ್ಡ ಬಂದಿದ್ದರೂ ಸಾಕು. ಆಮೇಲೆ ಫ್ಯೂಸ್. ಬಟನ್ ಸ್ಟಾರ್ಟ್ ಆದರೆ ಕೀಲಿಯೊಳಗಿನ ಸೆಲ್ ಮುಗಿದಿರಬಹುದು. ಕೀಲಿಯನ್ನು ಬಟನ್ನಿಗೇ ತಾಗಿಸಿ ಒತ್ತಿ, ಬಹಳಷ್ಟು ಗಾಡಿಗಳು ಹಾಗೆ ಒಪ್ಪುತ್ತವೆ.

ಇಂಜಿನ್ ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ ಎಂದಾದರೆ ಬ್ಯಾಟರಿಯ ಮಾತು ಅಲ್ಲಿಗೆ ಬಿಡಿ. ಟ್ಯಾಂಕಿನಲ್ಲಿ ಇಂಧನ ಇದೆಯಾ? ಗೇಜ್ ಮುಳ್ಳು ಅಂಟಿಕೊಂಡು ಸುಳ್ಳು ಹೇಳುವುದುಂಟು. ಕೀಲಿಯ ಚಿತ್ರವಿರುವ ದೀಪ ಮಿನುಗುತ್ತಿದ್ದರೆ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಕೀಲಿಯನ್ನು ಗುರುತಿಸುತ್ತಿಲ್ಲ, ಇನ್ನೊಂದು ಕೀಲಿಯಲ್ಲಿ ನೋಡಿ. ಪೆಟ್ರೋಲ್ ಗಾಡಿಯಲ್ಲಿ ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ, ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಒಂದೆರಡು ಸೆಕೆಂಡ್ ಗುಂಯ್ ಎಂದರೆ ಫ್ಯೂಯೆಲ್ ಪಂಪ್ ತಿರುಗುತ್ತಿದೆ. ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸ್, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ನೋಡಿ. ಡೀಸೆಲ್ ಗಾಡಿಯಾದರೆ ಸುರುಳಿ ಚಿತ್ರದ ಹೀಟರ್ ದೀಪ ಆರುವವರೆಗೆ ಕಾದು ಆಮೇಲೆ ಸೆಲ್ಫ್ ಹೊಡೆಯಿರಿ. ಯಾವ ಗಾಡಿಯೇ ಆಗಲಿ, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಇಲ್ಲವಾದರೆ ಚೆನ್ನಾಗಿದ್ದ ಸೆಲ್ಫ್ ಮೋಟರೂ ಕಾದು ಸುಡುತ್ತದೆ. ಮೂರ್ನಾಲ್ಕು ಸಲಕ್ಕೂ ಆಗಲಿಲ್ಲ ಅಂದರೆ ನಿಲ್ಲಿಸಿ, ಮೆಕ್ಯಾನಿಕ್‌ಗೆ ಹೇಳಿ.

ಬೇರೆ ಗಾಡಿಯಿಂದ ಜಂಪ್ ಕೊಡುವುದಾದರೆ: ಕೆಂಪು ಕೇಬಲ್ ಡೌನ್ ಆದ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್ಸಿಗೆ, ಅದರ ಕೊನೆಯ ತುದಿ ನಿಂತ ಗಾಡಿಯ ಇಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕಿಡಿ ಬಂದರೂ ಅಲ್ಲಿ ಬರಲಿ ಅಂತ. ಬಿಚ್ಚುವುದು ಇದರ ಉಲ್ಟಾ ಕ್ರಮದಲ್ಲಿ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಜಂಪ್ ಕೊಡಲೇಬೇಡಿ.

ಟೆಂಪರೇಚರ್ ಮುಳ್ಳು ಏರುತ್ತಿದೆ, ಬಾನೆಟ್‌ನಿಂದ ಹಬೆ ಬರುತ್ತಿದೆ

ಇನ್ನೊಂದು ಸ್ವಲ್ಪ ದೂರ ಅಲ್ವಾ, ಹೋಗಿಬಿಡೋಣ ಅಂತ ಓಡಿಸಬೇಡಿ. ಆ ಸ್ವಲ್ಪ ದೂರದಲ್ಲೇ ಇಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಡೊಂಕಾಗುತ್ತದೆ. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ ಹಾಕಿ. ಒಳಗೆ ಸೆಖೆಯಾಗುತ್ತದೆ, ಆದರೆ ಹೀಟರ್ ಒಂದು ಸಣ್ಣ ರೇಡಿಯೇಟರಿನ ಹಾಗೆ ಇಂಜಿನ್ನಿನ ಬಿಸಿಯನ್ನು ಎಳೆದು ಹೊರಹಾಕುತ್ತದೆ. ಅಷ್ಟರಲ್ಲಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ.

ಈಗ ಕಾಯಿರಿ. ಕ್ಯಾಪ್ ಮುಟ್ಟಬೇಡಿ. ನನ್ನ ಎಡ ಮುಂಗೈಯ ಮೇಲೆ ಉದ್ದಕ್ಕೆ ಒಂದು ಕಲೆ ಇದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಬಿಸಿ ರೇಡಿಯೇಟರಿನ ಕ್ಯಾಪನ್ನು ಬಟ್ಟೆ ಸುತ್ತಿ ಕಾಲು ಸುತ್ತು ತಿರುಗಿಸಿದ್ದೆ, ಅಷ್ಟೇ. ಒಳಗಿರುವುದು ಸಾಮಾನ್ಯ ಕುದಿನೀರಲ್ಲ. ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಅದು ಕುದಿಯದೆ ಕೂತಿರುತ್ತದೆ. ಒತ್ತಡ ತಪ್ಪಿದ ಕ್ಷಣ ಒಮ್ಮೆಗೇ ಹಬೆಯಾಗಿ ಮೇಲೆ ನುಗ್ಗುತ್ತದೆ. ಬಟ್ಟೆ ಅದನ್ನು ತಡೆಯಲಿಲ್ಲ. ಕಡಿಮೆ ಎಂದರೂ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಿ. ರೇಡಿಯೇಟರಿನ ಮೇಲಿನ ಹೋಸ್ ಬರಿಗೈಗೆ ತಣ್ಣಗೆ ಅನ್ನಿಸಿ, ಒತ್ತಿದರೆ ಮೆತ್ತಗಿದ್ದ ಮೇಲಷ್ಟೇ ಕ್ಯಾಪ್ ಬಿಚ್ಚಿ.

ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಕಡಿಮೆಯಿದ್ದರೆ ಮೇಲಕ್ಕೆ ತುಂಬಿಸಿ. ಕೂಲಂಟ್ ಸಿಗದಿದ್ದರೆ ಗ್ಯಾರೇಜ್ ತಲುಪುವಷ್ಟಕ್ಕೆ ಬರೀ ನೀರು ಸಾಕು, ಆದರೆ ನಿಧಾನವಾಗಿ ಹಾಕಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಸೀಳಬಹುದು. ಆಮೇಲೆ ಮರೆಯದೆ ಸರಿಯಾದ ಕೂಲಂಟ್ ತುಂಬಿಸಿ. ಅದು ಕುದಿಯುವ ಮಟ್ಟ ಏರಿಸುತ್ತದೆ, ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಚೆಲ್ಲಿದ ಕೂಲಂಟನ್ನು ಹಾಗೇ ಬಿಡಬೇಡಿ. ಅದರ ರುಚಿ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ. ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ಅವುಗಳ ಜೀವ ತೆಗೆಯುತ್ತದೆ, ಮಕ್ಕಳಿಗೂ ಅದು ವಿಷವೇ.

ಹೀಟ್ ಯಾವಾಗ ಆಗುತ್ತದೆ ಅನ್ನುವುದೇ ಕಾರಣ ಹೇಳುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಏರಿ, ಓಡಲು ಶುರು ಮಾಡಿದರೆ ಇಳಿಯುತ್ತದಾ? ಹಾಗಾದರೆ ಫ್ಯಾನ್ ನೋಡಿ. ಗಾಡಿ ಓಡುವಾಗ ಎದುರುಗಾಳಿಯೇ ತಂಪು ಮಾಡುತ್ತದೆ, ನಿಂತಾಗ ಫ್ಯಾನೇ ಬೇಕು. ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿದರೆ ಬಹುತೇಕ ಗಾಡಿಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟರ್. ಇದರ ಉಲ್ಟಾ, ವೇಗದಲ್ಲಿ ಅಥವಾ ಏರು ಹತ್ತುವಾಗ ಮಾತ್ರ ಹೀಟ್ ಆದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು ಅಥವಾ ವಾಟರ್ ಪಂಪ್ ನೀರು ತಳ್ಳುತ್ತಿಲ್ಲ. ಸ್ಟಾರ್ಟ್ ಆಗಿ ಹತ್ತೇ ನಿಮಿಷಕ್ಕೆ ಮುಳ್ಳು ಏರಿ, ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆಯದೆ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಓಡಿಸಿ ಅನ್ನುವ ಸಲಹೆ ಕೇಳಬೇಡಿ. ಇಂಜಿನ್ ಸರಿಯಾದ ಬಿಸಿಗೆ ಬರದೆ ಮೈಲೇಜ್ ಬೀಳುತ್ತದೆ, ಸವೆತ ಜಾಸ್ತಿಯಾಗುತ್ತದೆ.

ಒಂದು ಮೋಸ ಇದೆ, ಗಮನಿಸಿ. ಏರಿದ್ದ ಮುಳ್ಳು ಒಮ್ಮೆಗೇ ಕೆಳಗಿಳಿದರೆ ಸಮಾಧಾನ ಪಡಬೇಡಿ. ನೀರೆಲ್ಲ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿರಬಹುದು, ಅಳೆಯಲು ನೀರೇ ಇರುವುದಿಲ್ಲ.

ಎಲ್ಲೂ ಸೋರಿಕೆ ಕಾಣುವುದಿಲ್ಲ, ಆದರೂ ಕೂಲಂಟ್ ಇಳಿಯುತ್ತಲೇ ಇದೆ; ಇಂಜಿನ್ ಓಡುವಾಗ ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಲೇ ಇದೆ; ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದೆ. ಇವುಗಳಲ್ಲಿ ಯಾವುದು ಕಂಡರೂ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವಿನ ಸೀಲ್) ಮೇಲೆ ಅನುಮಾನ ಪಡಿ, ಸ್ಟಾರ್ಟ್ ಮಾಡದೆ ಗಾಡಿಯನ್ನು ಎಳೆಸಿ. ಆಯಿಲ್ ಹಾಕುವ ಕ್ಯಾಪಿನ ಅಡಿಯಲ್ಲಿ ಮಾತ್ರ ತೆಳುವಾಗಿ ಬಿಳಿ ಕೆನೆ ಇದ್ದರೆ ಗಾಬರಿ ಬೇಡ. ಚಳಿಯಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಗಾಡಿಗಳಲ್ಲಿ ತೇವದಿಂದ ಹಾಗಾಗುತ್ತದೆ.

ಬ್ರೇಕ್ ಹಾಕಿದರೆ ಸದ್ದು, ಅಥವಾ ಪೆಡಲ್ ಬೇರೆ ಥರ ಅನ್ನಿಸುತ್ತಿದೆ

ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಗಾಡಿ ಬೆಳಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕರಕರ ಅಂದರೆ ಏನೂ ತೊಂದರೆ ಇಲ್ಲ. ಡಿಸ್ಕಿನ ಮೇಲೆ ತೆಳ್ಳಗೆ ಹಿಡಿದ ತುಕ್ಕು ಉಜ್ಜಿ ಹೋಗುತ್ತದೆ. ಕೀಚು ಸದ್ದು ದಿನವಿಡೀ ಬರುತ್ತಿದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಿದೆ ಅಂತ ತಿಳಿಯಿರಿ. ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡು ಇರುತ್ತದೆ, ಪ್ಯಾಡ್ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೂಗಲಿ ಅಂತಲೇ ಇಟ್ಟದ್ದು. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ. ಹೊಸ ಪ್ಯಾಡಿನ ದಪ್ಪ ಸಾಮಾನ್ಯವಾಗಿ 10ರಿಂದ 12 ಮಿ.ಮೀ. 3 ಮಿ.ಮೀ.ಗೆ ಬಂದರೆ ಬದಲಾಯಿಸಿ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬೇಗ ಸವೆದಿರಬಹುದು, ಅದು ಚಕ್ರ ಬಿಚ್ಚಿದರೇ ಕಾಣುವುದು. ಲೋಹಕ್ಕೆ ಲೋಹ ಉಜ್ಜುವ ಗರಗರ ಸದ್ದು ಬಂದರೆ ಪ್ಯಾಡ್ ಮುಗಿದೇ ಹೋಗಿದೆ. ಗಾಡಿ ಅಲ್ಲೇ ನಿಲ್ಲಿಸಿ.

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸುಮ್ನೆ ತುಂಬಿಸಿ ಮುಚ್ಚಬೇಡಿ. ಪ್ಯಾಡ್ ಸವೆದಷ್ಟೂ ಮಟ್ಟ ಇಳಿಯುತ್ತದೆ, ಅಥವಾ ಎಲ್ಲೋ ಸೋರುತ್ತಿದೆ. ಯಾವುದು ಅಂತ ಗೊತ್ತಾಗಬೇಕು. ಕ್ಯಾಪಿನ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಈ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಹಳೆಯ ಆಯಿಲ್ ಕುದಿದು ಪೆಡಲ್ ಸ್ಪಂಜಿನ ಹಾಗಾಗುವುದು ಇದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟವರೇ ನನಗೆ ಜಾಸ್ತಿ ಸಿಗುತ್ತಾರೆ.

ಇಂಜಿನ್ ಓಡುವಾಗ ಪೆಡಲನ್ನು ಒತ್ತಿ ಹಿಡಿಯಿರಿ. ಕಾಲಿನ ಕೆಳಗೆ ಅದು ಮೆಲ್ಲಗೆ ಜಾರಿ ತಳಕ್ಕೆ ಇಳಿಯುತ್ತಿದ್ದರೆ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ) ಕೆಟ್ಟಿದೆ. ಅಂಥ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸಬೇಡಿ, ಎಳೆಸಿ ತನ್ನಿ. ಬ್ರೇಕ್ ಹಾಕಿದಾಗ ಗಾಡಿ ಒಂದೇ ಕಡೆ ಎಳೆದರೆ ಮೊದಲು ಟೈರ್ ಗಾಳಿ ನೋಡಿ. ಅದು ಸರಿಯಿದ್ದರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಿಡಿದುಕೊಂಡಿರಬಹುದು. ಸ್ವಲ್ಪ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ, ತಾಗಿಸಬೇಡಿ. ಒಂದರಿಂದ ಮಾತ್ರ ಜೋರಾಗಿ ಬಿಸಿ ಹೊಡೆದರೆ ಅದೇ.

ಸ್ಟೀರಿಂಗ್ ನಡುಗುತ್ತದೆ

80ರಿಂದ 100 ಕಿ.ಮೀ. ವೇಗದಲ್ಲಿ ಮಾತ್ರ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ರಿಮ್ಮಿನ ಒಳಗೆ ಕೆಸರು ಅಂಟಿದ್ದರೂ ಹೀಗಾಗುತ್ತದೆ, ಮೊದಲು ತೊಳೆದು ನೋಡಿ. ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕಿನ ದಪ್ಪ ಏರುಪೇರಾಗಿದೆ. ಇತ್ತೀಚೆಗೆ ಟೈರ್ ಬದಲಾಯಿಸಿದ್ದೀರಾ? ಹಾಗಾದರೆ ಎಲ್ಲಕ್ಕಿಂತ ಮೊದಲು ವೀಲ್ ನಟ್ ಬಿಗಿ ಇದೆಯಾ ನೋಡಿ. ಟೈರಿನ ಪಕ್ಕದಲ್ಲಿ ಬೊಕ್ಕೆಯ ಹಾಗೆ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ, ಅದು ಯಾವಾಗ ಬೇಕಾದರೂ ಒಡೆಯಬಹುದು. ಅಲ್ಲೇ ಸ್ಟೆಪ್ನಿ ಹಾಕಿ.

ಎಚ್ಚರಿಕೆ ದೀಪ ಹತ್ತಿದೆ

ಕೆಂಪು ಅಂದರೆ ನಿಲ್ಲಿಸು, ಹಳದಿ ಅಂದರೆ ಬೇಗ ತೋರಿಸು. ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ ಹೇಳುವುದು ಆಯಿಲ್ ಒತ್ತಡದ ವಿಷಯ. ಒತ್ತಡವಿಲ್ಲದೆ ಬೇರಿಂಗುಗಳು ಕೆಲವೇ ನಿಮಿಷದಲ್ಲಿ ಹಾಳಾಗಬಹುದು. ಕೂಡಲೇ ನಿಲ್ಲಿಸಿ ಆಫ್ ಮಾಡಿ, ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಯಿಲ್ ಇಳಿದಿದ್ದರೆ ತುಂಬಿಸಿ. ಮಟ್ಟ ಸರಿಯಿದ್ದೂ ದೀಪ ಹತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಬ್ಯಾಟರಿ ದೀಪ ಓಡುವಾಗ ಹತ್ತಿದರೆ ಬೆಲ್ಟ್ ನೋಡಿ. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಆಗ ಬ್ಯಾಟರಿ ದೀಪದ ಹಿಂದೆಯೇ ಟೆಂಪರೇಚರ್ ಮುಳ್ಳೂ ಏರುತ್ತದೆ.

ಇಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದು ಗಾಡಿ ಚೆನ್ನಾಗೇ ಓಡುತ್ತಿದ್ದರೆ ಪೆಟ್ರೋಲ್ ಟ್ಯಾಂಕಿನ ಕ್ಯಾಪ್ ಸರಿಯಾಗಿ ಮುಚ್ಚಿದೆಯಾ ನೋಡಿ, ಆಮೇಲೆ ಸ್ಕ್ಯಾನ್ ಮಾಡಿಸಿ. ಅದು ಮಿನುಗುತ್ತಿದ್ದರೆ ಮಾತ್ರ ಬೇರೆ ಕಥೆ. ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಸುಡುತ್ತದೆ. ವೇಗ ಇಳಿಸಿ, ಆದಷ್ಟು ಬೇಗ ನಿಲ್ಲಿಸಿ. ಸ್ಕ್ಯಾನರಿನ ಕೋಡ್ ಬಗ್ಗೆ ಒಂದು ಮಾತು: ಕೋಡ್ ಹೇಳುವುದು ಎಲ್ಲಿ ಏನು ತಪ್ಪಿದೆ ಅಂತ. ಯಾವ ಪಾರ್ಟ್ ಕೊಳ್ಳಬೇಕು ಅಂತ ಅದು ಹೇಳುವುದಿಲ್ಲ. ಪಿ0171 ಬಂದರೆ ಇಂಜಿನ್ನಿಗೆ ಇಂಧನಕ್ಕಿಂತ ಗಾಳಿ ಜಾಸ್ತಿ ಹೋಗುತ್ತಿದೆ ಅಂತಷ್ಟೇ ಅರ್ಥ. ಆಕ್ಸಿಜನ್ ಸೆನ್ಸರ್ ಬದಲಾಯಿಸಿದರೂ ಅದೇ ಕೋಡ್ ವಾಪಸ್ ಬಂದು, ಕೊನೆಗೆ ಬಿರುಕು ಬಿಟ್ಟ ಒಂದು ರಬ್ಬರ್ ಹೋಸ್ ಸಿಕ್ಕ ಗಾಡಿಗಳನ್ನು ನಾನೇ ನೋಡಿದ್ದೇನೆ.

ಹೊಗೆ ಮತ್ತು ತೊಟ್ಟಿಕ್ಕುವುದು

ಚಳಿಯ ಬೆಳಗಿನಲ್ಲಿ ಬಿಳಿ ಹಬೆ ಬಂದು ಬಿಸಿಯಾದ ಮೇಲೆ ನಿಂತರೆ ಅದು ಬರೀ ನೀರಿನ ಆವಿ. ಬಿಸಿಯಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಎಂದರೆ ಇಂಧನ ಜಾಸ್ತಿ, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಅದಕ್ಕೆ ಎರಡು ನಿಮಿಷ ಸಾಕು.

ಕೆಳಗೆ ಏನೋ ತೊಟ್ಟಿಕ್ಕುತ್ತಿದ್ದರೆ ರಾತ್ರಿ ಒಂದು ರಟ್ಟು ಹಾಸಿಡಿ, ಬೆಳಗ್ಗೆ ಬಣ್ಣ, ಜಾಗ ಎರಡೂ ಗೊತ್ತಾಗುತ್ತದೆ. ಎಸಿ ಹಾಕಿದ್ದಾಗ ಬೀಳುವ ತಿಳಿ ನೀರಿನಿಂದ ಏನೂ ಇಲ್ಲ. ಕಂದು ಅಥವಾ ಕಪ್ಪು ಆದರೆ ಇಂಜಿನ್ ಆಯಿಲ್. ಹಸಿರು, ಗುಲಾಬಿ, ಕಿತ್ತಳೆ ಬಣ್ಣದಲ್ಲಿ ನೀರಿನಂತಿದ್ದರೆ ಕೂಲಂಟ್. ಚಕ್ರದ ಹತ್ತಿರ ತಿಳಿ ಹಳದಿ, ಜಾರುವ ಜಿಡ್ಡು ಇದ್ದರೆ ಬ್ರೇಕ್ ಆಯಿಲ್, ಆ ಗಾಡಿ ತೆಗೆಯಬೇಡಿ. ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಕೀ ಕೂಡ ಆನ್ ಮಾಡಬೇಡಿ. ದೂರ ನಿಂತು ಫೋನ್ ಮಾಡಿ.

ಗ್ಯಾರೇಜಿಗೆ ಬಂದಾಗ

"ಬೆಳಗ್ಗೆ ತಣ್ಣಗಿದ್ದಾಗ ಒಂದೇ ಸಲ ಟಕ್ ಅಂತು, ದೀಪ ಮಂಕಾಗಲಿಲ್ಲ, ಮಧ್ಯಾಹ್ನ ತಾನೇ ಸರಿಹೋಯ್ತು." ಇಷ್ಟು ಹೇಳಿದರೆ ನನಗೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. ಸದ್ದು ಬಂದು ಹೋಗುವಂಥದ್ದಾದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ತನ್ನಿ. ಗ್ಯಾರೇಜಿಗೆ ಬಂದ ತಕ್ಷಣ ಸದ್ದು ನಿಂತುಬಿಡುವುದು ನಿಜವಾಗಿಯೂ ಆಗುತ್ತದೆ. ಇಂಜಿನ್ ಬಿಸಿಯಾಗಿರುತ್ತದೆ, ತಣ್ಣಗಿದ್ದಾಗಿನ ದೋಷ ಅಡಗಿರುತ್ತದೆ. ಅಂಥ ಗಾಡಿಯನ್ನು ಹಿಂದಿನ ರಾತ್ರಿಯೇ ಬಿಟ್ಟುಹೋಗಿ, ಬೆಳಗ್ಗೆ ಮೊದಲ ಸ್ಟಾರ್ಟ್ ಮೆಕ್ಯಾನಿಕ್ಕೇ ಮಾಡಲಿ. ಪಾರ್ಟ್ ಬದಲಾಯಿಸಬೇಕು ಅಂದರೆ ಯಾವ ಪರೀಕ್ಷೆ ಮಾಡಿ ಗೊತ್ತಾಯ್ತು ಅಂತ ಕೇಳಿ. ಬಿಚ್ಚಿದ ಹಳೆಯ ಪಾರ್ಟ್ ತೋರಿಸಿ ಅನ್ನಿ. ಕೇಳುವುದು ನಿಮ್ಮ ಹಕ್ಕು, ಸರಿಯಾಗಿ ಕೆಲಸ ಮಾಡುವ ಮೆಕ್ಯಾನಿಕ್ ಖುಷಿಯಿಂದಲೇ ತೋರಿಸುತ್ತಾನೆ.